ಗೇಟು ದಾಟುವಷ್ಟರಲ್ಲಿ ಒಂದು ಮಾತು

ನನ್ನ ಹೆಂಡತಿಯ ಪ್ರಕಾರ ನಾನು ಯಾವ ಮಾತಿಗೂ ಅದೇ ದಿನ ಉತ್ತರ ಕೊಟ್ಟವನಲ್ಲ. ಸೋಮವಾರ ‘ಸಂತಿಗೆ ಹೋಗಿ ಬದನಿಕಾಯಿ ತರ್ತೀರೇನ್ರಿ?’ ಎಂದು ಕೇಳಿದರೆ ಮಂಗಳವಾರ ಸಂಜೆ ‘ಹೂಂ, ತರ್ತೀನಿ’ ಅನ್ನುತ್ತೇನಂತೆ. ಅಷ್ಟರಲ್ಲಿ ಬದನೆಕಾಯಿ ಮನೆಗೆ ಬಂದು, ಎಣ್ಣೆಗಾಯಿ ಆಗಿ, ನಾನೇ ಎರಡು ಸಲ ಬಡಿಸಿಕೊಂಡು ಉಂಡು ಕೈ ತೊಳೆದಿರುತ್ತೇನೆ. ಬಂದವರ ಮುಂದೆಲ್ಲ ಇದನ್ನು ಹೇಳಿ ನಗುವುದು ಅವಳಿಗೆ ಒಂದು ಹಬ್ಬ. ‘ಹುಡುಗಿ ಪಸಂದ ಅದಾಳೇನು ಅಂತ ನಮ್ಮಪ್ಪ ಇವರನ್ನ ಕೇಳಿದ್ದ. ಇನ್ನೂ ಹೇಳಿಲ್ಲ ಇವರು,’ ಎನ್ನುವುದು ಅವಳ ಕೊನೆಯ ಬಾಣ. ಅದಕ್ಕೆ ಏನು ಹೇಳಬೇಕೆಂದು ನಾನು ಇನ್ನೂ ವಿಚಾರ ಮಾಡುತ್ತಲೇ ಇದ್ದೇನೆ.

ಇದು ಸ್ವಭಾವದ ದೋಷವಲ್ಲ, ನೌಕರಿಯ ದೋಷ ಎಂದು ವಾದಿಸಿ ನೋಡಿದ್ದೇನೆ, ಯಾರೂ ಒಪ್ಪಿಲ್ಲ. ನಾನು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಈಗ ಆ ಹುದ್ದೆಗೆ ಏನೋ ಭಾರಿ ಹೆಸರಿಟ್ಟಿದ್ದಾರೆ; ನನ್ನ ಕಾಲಕ್ಕೆ ಗಾರ್ಡ್ ಅಂದರೆ ಗಾರ್ಡ್. ಗಾಡಿಯ ಕಟ್ಟಕಡೆಗೆ ಜೋಡಿಸಿದ ಒಂದು ಡಬ್ಬಿ, ಅದರಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ ಮತ್ತು ನಾನು. ಗದಗಿನ ಕಡೆಯಿಂದ ಹೊರಟು ಅಣ್ಣಿಗೇರಿ, ಹುಬ್ಬಳ್ಳಿ, ಧಾರವಾಡ ದಾಟಿ ಅಳ್ನಾವರದ ಕಾಡಿನ ತನಕ ಹೋಗುವುದು, ಬರುವುದು. ಹೋಗುವಾಗ ಅದಿರು, ಬರುವಾಗ ಕಲ್ಲಿದ್ದಲು. ಮನೆಗೆ ಬಂದಾಗ ನನ್ನ ಅಂಗಿ ಕೆಂಪಾಗಿದೆಯೋ ಕಪ್ಪಾಗಿದೆಯೋ ನೋಡಿಯೇ ಹೆಂಡತಿ ಎಷ್ಟು ಸೋಡಾ ಹಾಕಿ ಒಗೆಯಬೇಕೆಂದು ಲೆಕ್ಕ ಹಾಕುತ್ತಿದ್ದಳು.

ಗಾರ್ಡ್ ಕೂತು ನೋಡುವುದು ಹಿಂದಕ್ಕೆ. ಊರು ಬಂತು ಎಂದು ನನಗೆ ತಿಳಿಯುತ್ತಿದ್ದದ್ದು ಊರು ಹೋದ ಮೇಲೆ. ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು ಎಂಜಿನ್ನಿನ ಡ್ರೈವರನಿಗೆ ಕೈಬೀಸಿ ದಣಿದು, ನನ್ನ ಡಬ್ಬಿ ಬರುವ ಹೊತ್ತಿಗೆ ತಲೆ ಬಗ್ಗಿಸಿ ಕೆಲಸಕ್ಕೆ ತೊಡಗಿರುತ್ತಿದ್ದರು. ನಾನು ಕೈಬೀಸಿದರೆ ನೋಡುತ್ತಿದ್ದದ್ದು ಎಮ್ಮೆ ಒಂದೇ.

ಚಿಕ್ಕಂದಿನಲ್ಲಿ ಹೀಗಿರಲಿಲ್ಲ. ಕುಬಿಹಾಳದಲ್ಲಿ ನಮ್ಮ ಸೋದರಮಾವನ ಹೊಲವಿತ್ತು. ಅಲ್ಲಿಂದ ಕುಂದಗೋಳದ ಸಂತೆಗೆ ಹೋಗುವಾಗ ರೈಲಿನ ಗೇಟು ಹಾಕಿದ್ದರೆ ನಮಗೆ ಅದೇ ಜಾತ್ರೆ. ಮೆಣಸಿನಕಾಯಿ ಚೀಲದ ಮೇಲೆ ಕೂತು, ಕಣ್ಣು ಉರಿಸಿಕೊಂಡು, ಗಾಡಿ ಬರುವುದನ್ನು ಕಾಯುತ್ತಿದ್ದೆವು. ಎಂಜಿನ್ನು ಕಂಡರೆ ನನಗೆ ಹೆದರಿಕೆ. ಕೊನೆಯ ಡಬ್ಬಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ತೋಳಿನ ಕುರ್ಚಿಯಲ್ಲಿ ರಾಜನಂತೆ ಕೂತು ಹೋಗುವ ಮನುಷ್ಯನ ಮೇಲೇ ನನ್ನ ಕಣ್ಣು. ಅವನ ಹಿಂದೆ ಗಾಡಿಯೇ ಇಲ್ಲ, ಅಂದಮೇಲೆ ಇಡೀ ಗಾಡಿಯನ್ನು ಅವನೇ ನೂಕಿಕೊಂಡು ಹೋಗುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಅದೇ ತಪ್ಪು ತಿಳಿವಳಿಕೆಯಲ್ಲಿ ದೊಡ್ಡವನಾಗಿ ಅದೇ ನೌಕರಿ ಹಿಡಿದೆ. ಒಳಗೆ ಹೋಗಿ ನೋಡಿದರೆ ಆ ಕುರ್ಚಿಗೆ ಒಂದು ಕಾಲು ಗಿಡ್ಡ.

ಉತ್ತರ ತಡವಾಗುವ ಮೊದಲಿನ ಮಾತಿಗೆ ಬರುತ್ತೇನೆ. ಗೂಡ್ಸ್ ಗಾಡಿ ಗೇಟು ದಾಟುವಾಗ ಗೇಟಿನವ ಹಸಿರು ಬಾವುಟ ಹಿಡಿದು ಪಕ್ಕದಲ್ಲಿ ನಿಂತು ಗಾಡಿಯನ್ನು ತಲೆಯಿಂದ ಬಾಲದ ತನಕ ನೋಡಬೇಕು. ಎಲ್ಲಿಯಾದರೂ ಹೊಗೆ ಬರುತ್ತಿದೆಯೇ, ಏನಾದರೂ ಜೋತುಬಿದ್ದಿದೆಯೇ ಎಂದು. ಕೊನೆಗೆ ನನ್ನ ಡಬ್ಬಿ ಬಂದಾಗ ಅವನು ನನಗೆ ಬಾವುಟ ತೋರಿಸಬೇಕು, ನಾನು ಅವನಿಗೆ ತೋರಿಸಬೇಕು. ಎಲ್ಲ ಸರಿ ಇದೆ ಎಂದು ಅರ್ಥ. ನಿಯಮ ಇಷ್ಟೇ. ಆದರೆ ಇಡೀ ದಿನ ಬಿಸಿಲಲ್ಲಿ ಒಬ್ಬನೇ ಕೂತ ಗೇಟಿನವನಿಗೆ, ಇಡೀ ದಿನ ಒಬ್ಬನೇ ಕೂತ ಗಾರ್ಡ್ ಎದುರಾದಾಗ ಬರಿ ಬಾವುಟ ತೋರಿಸಿ ಬಾಯಿ ಮುಚ್ಚಿಕೊಂಡಿರು ಎಂದರೆ ಹೇಗೆ? ಡಬ್ಬಿ ದಾಟುವಷ್ಟರಲ್ಲಿ ಅವನು ಒಂದು ಮಾತು ಕೂಗುತ್ತಿದ್ದ. ಒಂದೇ ಮಾತು, ಎರಡನೆಯದಕ್ಕೆ ವೇಳೆ ಇಲ್ಲ. ನಾನು ಅದನ್ನು ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದೆ. ಮುಂದಿನ ಸಲ ಆ ಗೇಟಿಗೆ ಬಂದಾಗ ನನ್ನ ಉತ್ತರ. ಅದಕ್ಕೆ ಅವನ ಉತ್ತರ ಅದರ ಮುಂದಿನ ಸಲ. ಹೀಗೆ ಒಬ್ಬ ಗೇಟಿನವನ ಮಗಳ ಮದುವೆ ಮಾತುಕತೆಯಿಂದ ಹಿಡಿದು ಬಾಣಂತನದವರೆಗೆ ನಾನು ಕೇಳಿಸಿಕೊಂಡಿದ್ದೇನೆ. ಆ ಮನುಷ್ಯನ ಜೊತೆ ಒಂದು ದಿನವೂ ಕೂತು ಚಹಾ ಕುಡಿದವನಲ್ಲ.

ತೊಡಕು ಏನೆಂದರೆ ಗೇಟುಗಳು ಬಹಳ, ತಲೆ ಒಂದೇ. ಗೇಟಿನವರೆಲ್ಲ ಒಂದೇ ನೀಲಿ ಅಂಗಿ, ತಲೆಗೆ ಟವೆಲು, ಬಿಸಿಲಿಗೆ ಸುಟ್ಟ ಒಂದೇ ಬಣ್ಣದ ಮುಖ. ಒಮ್ಮೆ ಒಬ್ಬ ‘ಎಮ್ಮಿ ಕಳದೈತ್ರಿ!’ ಎಂದು ಕೂಗಿದ. ಅದರ ಮುಂದಿನ ಗೇಟಿನವ ‘ಗಂಡಮಗ ಹುಟ್ಯಾನ್ರಿ!’ ಎಂದ. ಮರುಸಲ ಬರುವಾಗ ನಾನು ಎಮ್ಮೆ ಕಳೆದುಕೊಂಡವನಿಗೆ ‘ಭಾಳ ಚಲೋ ಆತು, ಪೇಢೆ ಕೊಡ್ರಿ!’ ಎಂದು ನಗುತ್ತಾ ಕೂಗಿದೆ. ಮಗ ಹುಟ್ಟಿದವನಿಗೆ ‘ಚಿಂತಿ ಮಾಡಬ್ಯಾಡ್ರಿ, ಹಳ್ಳದ ದಂಡಿಗೆ ಹುಡುಕಿಸ್ರಿ!’ ಎಂದೆ. ಇಬ್ಬರ ಮುಖವೂ ನಾನು ಹಿಂದೆ ನೋಡುತ್ತಾ ಹೋದಂತೆ ಸಣ್ಣದಾಗುತ್ತಾ ಹೋಯಿತು. ಇದನ್ನು ಸರಿಪಡಿಸಲು ಎಷ್ಟೋ ಗಾಡಿಗಳು ಬೇಕಾದವು. ಎಮ್ಮೆಯವನಂತೂ ಒಂದು ಮಳೆಗಾಲ ಪೂರ್ತಿ ನನಗೆ ಬರಿ ಬಾವುಟ ತೋರಿಸಿದ.

ಈಗ ಆ ಗೇಟುಗಳೆಲ್ಲ ಒಂದೊಂದಾಗಿ ಹೋಗುತ್ತಿವೆ. ಹಳಿಯ ಕೆಳಗೆ ರಸ್ತೆ ಮಾಡಿದ್ದಾರೆ. ಮಳೆ ಬಂದರೆ ಅದರಲ್ಲಿ ಎಮ್ಮೆಗಳು ಮಲಗುತ್ತವೆ, ಬೈಕಿನವರು ಮೇಲೆ ನಿಂತು ಹಳೆಯ ಗೇಟನ್ನು ನೆನೆಸುತ್ತಾರೆ. ಅಣ್ಣಿಗೇರಿ ಸ್ಟೇಷನ್ನಿನ ಹತ್ತಿರದ ಚಹಾದ ಅಂಗಡಿಯಲ್ಲಿ ನಿವೃತ್ತರಾದ ನಾವು ನಾಲ್ಕಾರು ಮಂದಿ ಮುಂಜಾನೆ ಸೇರುತ್ತೇವೆ. ಅಲ್ಲಿ ಮಾತು ತಿರುಗಿ ತಿರುಗಿ ಗೇಟಿನ ಅಪಘಾತಗಳಿಗೇ ಬರುತ್ತದೆ. ಗೇಟು ಹಾಕಿದ್ದರೂ ಸೈಕಲ್ಲು ಬಗ್ಗಿಸಿಕೊಂಡು ನುಗ್ಗಿದವನು, ಕುರಿಹಿಂಡಿನ ನಡುವೆ ಬಂದ ಎಂಜಿನ್ನು, ಜೋಳದ ಕಣಿಕೆ ಹೇರಿದ ಚಕ್ಕಡಿ. ಹೇಳಿದ ಹಾಗೆಲ್ಲ ಕುರಿಗಳ ಸಂಖ್ಯೆ ಏರುತ್ತದೆ. ನನಗೆ ಹೇಳಲು ಏನೂ ಇರುವುದಿಲ್ಲ. ಅಪಘಾತವಾದ ಗಾಡಿಯಲ್ಲಿ ನಾನಿದ್ದರೂ ಎಂಜಿನ್ನಿನಿಂದ ಅರ್ಧ ಮೈಲಿ ಹಿಂದೆ ಇರುತ್ತಿದ್ದೆ. ಏನೋ ಆಗಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಕೈಯಲ್ಲಿನ ಚಹಾ ತೊಡೆಯ ಮೇಲೆ ಚೆಲ್ಲಿದಾಗ. ನಾನು ನಡೆದು ಮುಂದೆ ಹೋಗುವಷ್ಟರಲ್ಲಿ ಜನ ಕೂಡಿ, ಅತ್ತು, ಬೈದು, ಅರ್ಧ ಚದುರಿರುತ್ತಿದ್ದರು.

ಹಾಗಾಗಿ ಅಂಗಡಿಯಲ್ಲಿ ನನ್ನ ಸರದಿ ಬಂದಾಗ ಈ ಕೂಗುಮಾತಿನ ಕಥೆಗಳನ್ನೇ ಹೇಳುತ್ತೇನೆ. ಒಂದು ದಿನ ಹಾಗೆ ಹೇಳುತ್ತಾ ಫಕೀರಪ್ಪನ ಹೆಸರು ತೆಗೆದೆ, ಅವನ ಕೊನೆಯ ಕೂಗನ್ನೂ ಕೇಳಿದವನು ನಾನು ಎಂದೆ. ಅದು ಬಾಯಿಂದ ಬಾಯಿಗೆ ಹೋಗಿ ನವಲಗುಂದ ಮುಟ್ಟಿತು. ಮುಂದಿನ ರವಿವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ‘ನಾನು ಫಕೀರಪ್ಪನ ಮಗಳು ರೇಣುಕಾ ರೀ. ನವಲಗುಂದದಾಗ ಸಾಲಿ ಟೀಚರ್ ಅದೀನಿ,’ ಎಂದಳು.

ಫಕೀರಪ್ಪ ಯಾರೆಂದು ಹೇಳಬೇಕು. ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲದ ನಡುವೆ ಹತ್ತಿರ ಹತ್ತಿರ ಎರಡು ಗೇಟುಗಳಿದ್ದವು. ಮೊದಲನೆಯದಕ್ಕೆ ಮಾಬುಸಾಬ, ಎರಡನೆಯದಕ್ಕೆ ಫಕೀರಪ್ಪ. ಇಬ್ಬರೂ ನನ್ನ ಜೊತೆ ಮಾತಾಡುವವರು. ಇಬ್ಬರೂ ಒಮ್ಮೊಮ್ಮೆ ಬುತ್ತಿಯ ಗಂಟು ಎಸೆಯುವವರು. ನಾನು ಕೈಚಾಚಿ ಹಿಡಿಯುತ್ತಿದ್ದೆ, ಅಥವಾ ಬೀಳಿಸುತ್ತಿದ್ದೆ. ಒಂದು ದಿನ ಫಕೀರಪ್ಪನ ಗೇಟಿನ ನಡುವೆ, ಸರಿಯಾಗಿ ಹಳಿಯ ಮೇಲೆ, ಮೆಣಸಿನಕಾಯಿ ಬಿಡಿಸಲು ಹೊರಟ ಆಳುಗಳು ತುಂಬಿದ್ದ ಟ್ರ್ಯಾಕ್ಟರಿನ ಟ್ರೇಲರು ಕೊಂಡಿ ಕಳಚಿ ನಿಂತುಬಿಟ್ಟಿತು. ಗಾಡಿ ಬರುವ ಹೊತ್ತು. ಫಕೀರಪ್ಪ ಕೆಂಪು ಬಾವುಟ ಹಿಡಿದು ಹಳಿಯ ಗುಂಟ ಗಾಡಿಗೆ ಎದುರಾಗಿ ಓಡಿದ. ಡ್ರೈವರ್ ಬ್ರೇಕು ಹಾಕಿದ. ಹೇರಿದ ಗೂಡ್ಸ್ ಗಾಡಿ ಹಾಕಿದ ಜಾಗದಲ್ಲಿ ನಿಲ್ಲುವುದಿಲ್ಲ. ಟ್ರೇಲರಿನಲ್ಲಿದ್ದವರೆಲ್ಲ ಇಳಿದು ಉಳಿದರು. ಟ್ರೇಲರಿಗೂ ಗಾಡಿ ಮುಟ್ಟಲಿಲ್ಲ. ಫಕೀರಪ್ಪ ಮಾತ್ರ ಹಳಿಯ ನಡುವೆ ಬಾವುಟ ಹಿಡಿದು ನಿಂತವನು ಪಕ್ಕಕ್ಕೆ ಸರಿಯಲಿಲ್ಲ.

ಆ ದಿನ ನಾನು ಆ ಗಾಡಿಯಲ್ಲಿ ಇರಲಿಲ್ಲ, ಅಳ್ನಾವರದಲ್ಲಿ ಸಿಕ್ಕಿಕೊಂಡಿದ್ದೆ. ಅದರ ಹಿಂದಿನ ದಿನ ಮಾತ್ರ ಆ ಎರಡೂ ಗೇಟು ದಾಟಿ ಹೋಗಿದ್ದೆ.

ರೇಣುಕಾ ನೀರು ಕುಡಿದು, ಲೋಟ ಕೆಳಗಿಟ್ಟು ನೇರವಾಗಿ ಕೇಳಿದಳು. ‘ಕಾಕಾರ, ಹಿಂದಿನ ದಿನ ನಮ್ಮಪ್ಪ ನಿಮಗ ಏನಂದಿದ್ದ?’

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಈ ಒಂದು ಮಾತಿಗಾರ ಇವತ್ತ ಉತ್ತರಾ ಕೊಡ್ರಿ,’ ಎಂದಳು. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

‘ಯಾಕ ಕೇಳ್ತೀಯವ್ವಾ ಈಗ?’ ಎಂದೆ.

‘ಅವ್ವ ಹೋದ ವರ್ಷ ತೀರ್ಕೊಂಡ್ಳ್ರಿ. ಸಾಯೂತನಾ ಒಂದ ಮಾತು ಅಕಿದು. ಹಿಂದಿನ ದಿನ ಮುಂಜಾನೆ ಅಪ್ಪ ಅಕಿ ಜೋಡಿ ಜಗಳಾಡಿ ಡ್ಯೂಟಿಗೆ ಹೋಗಿದ್ದ. ಬದಲಿ ಮನಶಾ ಬರಲಿಲ್ಲಂತ ರಾತ್ರಿನೂ ಅಲ್ಲೇ ಉಳದ. ಮರುದಿನ ಹಿಂಗಾತು. ಸಿಟ್ಟಿನ್ಯಾಗ ಬೇಕಂತನ ಸರೀಲಿಲ್ಲ ಅಂತ ಅವ್ವ ತಿಳಕೊಂಡಿದ್ಲು. ಊರಾಗೂ ಹಂಗ ಅಂದವರದಾರ. ಮಂದೀನ್ನ ಉಳಿಸಿದಾ ಅಂತ ಅಂದವರೂ ಅದಾರ. ನಾ ಆಗ ಸಣ್ಣಾಕಿ. ನನಗ ಯಾವದ ಖರೆ ಅಂತ ಗೊತ್ತಾಗವಲ್ದು.’

ನನಗೆ ನೆನಪಿತ್ತು. ಅದೇ ನನ್ನ ಕಷ್ಟ. ಹಿಂದಿನ ದಿನ ಎರಡು ಗೇಟಿನಿಂದ ಎರಡು ಮಾತು ಬಂದಿದ್ದವು, ಎರಡೂ ಸ್ಪಷ್ಟವಾಗಿ ಕೇಳಿಸಿದ್ದವು. ಒಂದು ‘ನಾಳಿ ಬುತ್ತಿ ಒಗಿತೇನ್ರಿ, ಕೈ ಚಾಚಿ ಹಿಡೀರಿ!’ ಎಂದು. ಇನ್ನೊಂದು ‘ಸಾಕಾಗೇತ್ರಿ ಸಾಹೇಬ್ರ, ಇನ್ನ ನನ್ನ ಕಡಿಂದ ಆಗೂದಿಲ್ಲ!’ ಎಂದು. ಯಾವುದು ಯಾವ ಗೇಟಿನದು ಎಂದು ಮಾತ್ರ ನೆನಪಿಲ್ಲ. ಸುದ್ದಿ ತಿಳಿದಾಗ ನನಗೆ ಮಾತುಗಳ ವಿಚಾರವೇ ಬರಲಿಲ್ಲ, ಮನುಷ್ಯ ಹೋದನಲ್ಲ ಎಂದಷ್ಟೇ ಸಂಕಟವಾಯಿತು. ಎಷ್ಟೋ ದಿನಗಳ ಮೇಲೆ ಮಾತುಗಳು ನೆನಪಾದಾಗ ಜೋಡಿಯಾಗಿಯೇ ನೆನಪಾದವು. ಕಣ್ಣು ಮುಚ್ಚಿದರೆ ಒಮ್ಮೆ ಮಾಬುಸಾಬನ ಮುಖಕ್ಕೆ ಬುತ್ತಿ ಹೊಂದುತ್ತದೆ, ಒಮ್ಮೆ ಫಕೀರಪ್ಪನ ಮುಖಕ್ಕೆ. ಎಮ್ಮೆ ಕಳೆದವನಿಗೆ ಪೇಢೆ ಕೇಳಿದ ತಲೆ ಇದು, ಇದನ್ನು ನಂಬುವುದು ಹೇಗೆ?

ಎರಡನ್ನೂ ಇದ್ದ ಹಾಗೆ ಹೇಳಿದೆ. ಬುತ್ತಿಯ ಮಾತೇ ನಿಮ್ಮಪ್ಪನದು ಎಂದು ಹೇಳಿ ಮುಗಿಸಬಹುದಿತ್ತು. ಅದು ಹೊಳೆದದ್ದು ಹೇಳಿಯಾದ ಮೇಲೆ. ರೇಣುಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಆಮೇಲೆ ‘ಮಾಬುಸಾಬ ಕಾಕಾ ಇದ್ದಾರೇನ್ರಿ?’ ಎಂದಳು.

ಇದ್ದ. ಮಗನ ಮನೆಯಲ್ಲಿ, ಯಮನೂರಿನಲ್ಲಿ. ಮರುರವಿವಾರ ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ವಿಚಾರ. ಮಾಬುಸಾಬ ‘ಬುತ್ತಿ ನನ್ನದು’ ಎಂದುಬಿಟ್ಟರೆ ಉಳಿದ ಮಾತು ಈ ಹುಡುಗಿಯ ಪಾಲಿಗೆ ಬೀಳುತ್ತದೆ. ಅದನ್ನು ತೆಗೆದುಕೊಂಡು ಅವಳು ಮನೆಗೆ ಹೋಗಬೇಕು, ಮರುದಿನ ಸಾಲಿಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಬೇಡ, ತಿರುಗಿ ಹೋಗೋಣ ಎಂದು ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಕೆಂದುಕೊಂಡೆ. ಹೇಳುವಷ್ಟರಲ್ಲಿ ಯಮನೂರಿನ ಬಸ್ಸು ಬಂತು.

ಮಾಬುಸಾಬ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಕೂತಿದ್ದ. ನನ್ನನ್ನು ಬಹಳ ಹೊತ್ತು ನೋಡಿ ‘ಪಾರ್ಸಲ್ ಬಾಬು ಅಲ್ಲೇನ್ರಿ ನೀವು?’ ಎಂದ.

‘ಗಾರ್ಡ್ ರೀ ಮಾಬುಸಾಬ್ರ. ಬುತ್ತಿ ಹಿಡೀತಿದ್ನಲ್ಲ.’

‘ಹಿಡೀತಿದ್ದಾವ ಬ್ಯಾರೆ ಗಾರ್ಡ್. ನೀವು ಬೀಳಸಾವ್ರು,’ ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ. ‘ಹಂಗಾರ ನೆಪ್ಪಾತು. ಬರ್ರಿ, ಕುಂದರ್ರಿ.’

ಸೊಸೆ ಚಹಾ ತಂದಳು. ರೇಣುಕಾ ಯಾರೆಂದು ಹೇಳಿದೆ. ಅವನ ನಗೆ ಹೋಯಿತು. ಅವಳ ತಲೆ ಮುಟ್ಟಿ ‘ಫಕೀರಪ್ಪನ ಮೂಗ ಬಂದೈತಿ ನಿನಗ, ಬೇಟಿ,’ ಎಂದ. ರೇಣುಕಾ ಎರಡೂ ಮಾತುಗಳನ್ನು ಅವನ ಮುಂದಿಟ್ಟಳು. ಅವನು ಚಹಾವನ್ನು ಬಸಿಗೆ ಹೊಯ್ದುಕೊಂಡು, ಊದಿ, ಒಂದು ಗುಟುಕು ಕುಡಿದು, ಬಸಿಯನ್ನು ಹಾಗೇ ಹಿಡಿದುಕೊಂಡು ಕೂತ. ನನ್ನ ಚಹಾ ಮುಂದೆಯೇ ಆರುತ್ತಿತ್ತು.

‘ಸಾಕಾಗೇತಿ ಅಂದಾವ ನಾನ,’ ಎಂದ ಕೊನೆಗೆ. ‘ಅಗದಿ ನಾನ. ದಿನಾ ಅಂತಿದ್ನಿ. ಮಂದಿ ಗೇಟ ತೆಗೀಲೇ ತೆಗೀಲೇ ಅಂತ ಒದರೂದು, ನಾ ಇವರ ಮುಂದ ಒದರೂದು. ಫಕೀರಪ್ಪಗ ಎಲ್ಲಿ ಬ್ಯಾಸರಿಕಿ? ಅಂವಾ ಬುತ್ತಿ ಒಗಿಯಾವ.’

‘ಹಂಗಾರ ಯಾಕ ಸರೀಲಿಲ್ಲ ಕಾಕಾ?’

ಮಾಬುಸಾಬ ಬಸಿ ಕೆಳಗಿಟ್ಟ. ‘ನಾವು ಗೇಟಿನವರು ಜೀವಮಾನ ಪೂರಾ ಗಾಡಿ ನೋಡಿದ್ದು ಬಾಜುದಿಂದ. ಬಾಜುಕ ನಿಂತ್ರ ಎಷ್ಟ ಜೋರ ಬರಾಕತ್ತೈತಿ ಅಂತ ನಮಗ ತಿಳಿತೈತಿ. ಎದುರ ನಿಂತ ನೋಡಿದವರಲ್ಲ ನಾವು. ಎದುರಿಂದ ನೋಡಿದ್ರ ಗಾಡಿ ಬಂದಂಗನ ಕಾಣೂದಿಲ್ಲ, ನಿಂತಲ್ಲೇ ನಿಂತು ದೊಡ್ಡದಾಕ್ಕೋತ ಹೋಗತೈತಿ. ಇನ್ನೂ ದೂರ ಐತಿ, ಇನ್ನೊಂದೀಟ ಬಾವುಟ ಬೀಸೂಣು ಅಂತ ನಿಂತಿರಬೇಕವ್ವಾ. ನಾ ಇದ್ರೂ ನಿಲ್ತಿದ್ನಿ.’

ನಾನು ನೌಕರಿ ಮಾಡಿದಷ್ಟು ಕಾಲ ಗಾಡಿಯನ್ನು ಹಿಂದಿನಿಂದಲೇ ನೋಡಿದವನು. ಎದುರಿಂದ ನೋಡಿದರೆ ಹಾಗೆ ಕಾಣುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮಾಬುಸಾಬ ಹೇಳಿದ್ದು ಸರಿ ಇರಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ರೇಣುಕಾ ಅತ್ತಳು. ಮುಖ ತೊಳೆಯಲು ಸೊಸೆ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ನನಗೆ ಎಷ್ಟು ಹಗುರಾಯಿತೆಂದರೆ ಆರಿದ ಚಹಾವನ್ನು ಒಂದೇ ಉಸಿರಿಗೆ ಕುಡಿದೆ. ಆಗ ಮಾಬುಸಾಬ ನನ್ನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡ.

‘ಗಾರ್ಡ್ ಸಾಹೇಬ್ರ, ಬುತ್ತಿ ಒಗಿತೇನಿ ಅಂದಾವೂ ನಾನ ಏನೋ ಅನಸ್ತೈತ್ರಿ,’ ಎಂದ ಮೆಲ್ಲಗೆ.

‘ಏನಂದ್ರಿ?’

‘ಮರುದಿನ ಗಂಟ ಕಟಗೊಂಡ ಬಂದಂಗ ನೆಪ್ಪೈತಿ. ಡಬ್ಬಿಯಾಗ ನೀವ ಇರಲಿಲ್ಲ. ಒಗೀಲಿಲ್ಲ, ನಾನ ತಿಂದ್ನಿ. ಅದು ಆ ದಿನಾನೋ ಮತ್ತೊಂದ ದಿನಾನೋ, ಅಲ್ಲಾಗ ಗೊತ್ತು.’

‘ಹಂಗಾರ ಸಾಕಾಗೇತಿ ಅಂದಾವ ಯಾರು?’

‘ನಾನೂ ಅಂದಿರಬೇಕು. ಅಂವಾನೂ ಅಂದಿರಬೇಕು. ಈ ತಲಿಮ್ಯಾಲ ನನಗ ಭರೋಸಾ ಉಳದಿಲ್ರಿ.’ ಒಳಗಿನಿಂದ ನೀರಿನ ಸಪ್ಪಳ ಕೇಳುತ್ತಿತ್ತು. ಅವನು ಆ ಕಡೆ ನೋಡಿದ. ‘ಆ ಕೂಸಿನ ಮಾರಿ ನೋಡಿದ್ನಿ. ಬುತ್ತಿ ಅದಕ್ಕ ಇರಲಿ ಅಂತ ಕೊಟ್ಟಬಿಟ್ನಿ.’

ನಾನು ಅವನ ಕೈಯೊಳಗಿಂದ ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ಬೈಯಬೇಕೋ, ಕಾಲಿಗೆ ಬೀಳಬೇಕೋ, ಇವನ ನೆನಪನ್ನು ನಂಬಬೇಕೋ, ಮೊದಲಿನ ಮಾತನ್ನು ನಂಬಬೇಕೋ. ರೇಣುಕಾ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮಾಬುಸಾಬ ಅವಳಿಗೆ ಒಂದು ಕೈ ಎತ್ತಿ ಆಶೀರ್ವಾದ ಮಾಡಿದ, ನನಗೆ ‘ಹೋಗಿಬರ್ರಿ ಪಾರ್ಸಲ್ ಬಾಬು’ ಎಂದ. ಬೇಕೆಂದೇ ಅಂದನೋ, ಮರೆತೇ ಅಂದನೋ, ಅದೂ ನನಗೆ ಗೊತ್ತಾಗಲಿಲ್ಲ.

ಮರಳುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ರೇಣುಕಾ ಕಿಟಕಿಯ ಪಕ್ಕ ಕೂತಿದ್ದಳು. ಕಡಲೆ ಹೊಲಗಳು ದಾಟುತ್ತಿದ್ದವು. ನವಲಗುಂದ ಹತ್ತಿರ ಬಂದಾಗ ಅವಳು ನನ್ನ ಕಡೆ ಪೂರ್ತಿ ತಿರುಗಿ ಕೂತಳು.

‘ಕಾಕಾರ, ಒಂದ ಮಾತು. ನಾಳಿ ಬುತ್ತಿ ಒಗಿತೇನಿ ಅಂತ ಅಪ್ಪ ಅಂದಿದ್ದ ಅಂದ್ರ, ಆ ಬುತ್ತಿ ಕಟ್ಟಾಕಿ ಯಾರ್ರಿ? ನಮ್ಮವ್ವನ ಅಲ್ಲೇನು? ಜಗಳಾಡಿ ಬಂದ ಮನಶಾ, ಅಕಿ ಕಟ್ಟಿಕೊಡ್ತಾಳಂತ ತಿಳಕೊಂಡ ಅಂದಿರಬೇಕಲ್ಲ? ಅಂದಮ್ಯಾಗ ಅವನ ಹೊಟ್ಟ್ಯಾಗ ಸಿಟ್ಟ ಇರಲಿಲ್ಲ. ಹೌದಿಲ್ಲೋ?’

ಅವಳ ಕಣ್ಣು ನನ್ನ ಮುಖದ ಮೇಲಿತ್ತು.

‘ಹೌದವ್ವಾ,’ ಎಂದೆ ತಡಮಾಡದೆ. ‘ಬ್ಯಾರೆ ಯಾರು ಕಟ್ಟಬೇಕು? ನಿಮ್ಮವ್ವನ ಕಟ್ಟಬೇಕಲ್ಲ.’